ಒಂದು ಸ್ಟಾಪ್ ಬೆಳಕಿಗೋಸ್ಕರ: 35 ಎಂಎಂ ನಾಕ್ಟನ್ ಮತ್ತು ಅಲ್ಟ್ರಾನ್

ಬೆಳಗಿನ ಜಾವ ಐದು ಗಂಟೆಗೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಹೂವಿನ ಅಂಗಡಿಗಳಲ್ಲಿ ಇರುವುದು ಬರೀ ಬಲ್ಬಿನ ಬೆಳಕು. ಅದೂ ಮೇಲಿನಿಂದ ನೇರವಾಗಿ ಚೆಂಡುಹೂವಿನ ರಾಶಿ ಮೇಲೆ ಬೀಳುತ್ತದೆ, ಮಾರುವವರ ಮುಖ ಅರ್ಧ ಕತ್ತಲಲ್ಲಿ ಇರುತ್ತದೆ. 400 ಐಎಸ್ಓ ಫಿಲ್ಮ್ ಹಾಕಿಕೊಂಡು ಹೋದರೆ ನನ್ನ ಮೀಟರ್ ತೋರಿಸುವುದು ಎಫ್ 2ಕ್ಕೆ ಸೆಕೆಂಡಿನ 30ನೇ ಒಂದು ಭಾಗ, ಅಂದರೆ ಅಷ್ಟು ಹೊತ್ತು ಶಟರ್ ತೆರೆದಿರಬೇಕು. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಎಫ್ 1.4 ಇದ್ದರೆ 60ನೇ ಒಂದು ಭಾಗ. ಈ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು, ಬೇಕಾ, ಬೇಡವಾ ಅನ್ನೋ ಪ್ರಶ್ನೆ ಇಟ್ಟುಕೊಂಡು ನಾನು ಸುಮಾರು ಒಂದು ವರ್ಷ ಎರಡು ಲೆನ್ಸ್‌ಗಳನ್ನು ಬದಲಾಯಿಸುತ್ತಾ ಓಡಾಡಿದೆ.

ಕ್ಯಾಮೆರಾ ಲೈಕಾ ಎಂ6. ಇದು ರೇಂಜ್‌ಫೈಂಡರ್, ಅಂದರೆ ಲೆನ್ಸ್ ಒಳಗಿಂದಲ್ಲ, ಪಕ್ಕದ ಕಿಟಕಿಯಲ್ಲಿ ನೋಡಿ ಫೋಕಸ್ ಮಾಡುವ ಫಿಲ್ಮ್ ಕ್ಯಾಮೆರಾ. 35 ಎಂಎಂ ಯಾಕೆ, ಇನ್ನೂ ಅಗಲ ನೋಡುವ 28 ಯಾಕಲ್ಲ ಅಂತ ಕೇಳಬಹುದು. ನಾನು ಕನ್ನಡಕ ಹಾಕುತ್ತೇನೆ. ಎಂ6ರ 0.72 ಪಟ್ಟು ತೋರಿಸುವ ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡುವ ಕಿಟಕಿ) 28ರ ಚೌಕಟ್ಟಿನ ಗೆರೆಗಳು ತೀರಾ ಅಂಚಿಗೆ ಹೋಗುತ್ತವೆ. ನಾಲ್ಕು ಮೂಲೆ ನೋಡಲು ಕಣ್ಣನ್ನು ಆ ಕಡೆ ಈ ಕಡೆ ಸರಿಸಬೇಕು. 35ರ ಗೆರೆಗಳು ಒಂದೇ ನೋಟಕ್ಕೆ ಸಿಗುತ್ತವೆ, ಅವುಗಳ ಆಚೆ ಏನು ನಡೀತಿದೆ ಅನ್ನೋದೂ ಸ್ವಲ್ಪ ಕಾಣುತ್ತದೆ.

ಒಂದು ಲೆನ್ಸ್ ಫೋಕ್ಟ್‌ಲ್ಯಾಂಡರ್ ನಾಕ್ಟನ್ ಕ್ಲಾಸಿಕ್ 35 ಎಂಎಂ ಎಫ್ 1.4, 2019ರಲ್ಲಿ ಬಂದ ಎರಡನೇ ಆವೃತ್ತಿ. ಇನ್ನೊಂದು ಅದೇ ಬ್ರ್ಯಾಂಡಿನ ಅಲ್ಟ್ರಾನ್ 35 ಎಂಎಂ ಎಫ್ 2, ವಿಂಟೇಜ್ ಲೈನ್‌ನದು. ಎರಡನ್ನೂ ತಯಾರಿಸುವುದು ಜಪಾನಿನ ಕೊಸಿನಾ ಕಂಪನಿ. ನಾಕ್ಟನ್ ನಾನು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅಲ್ಟ್ರಾನ್ ಗೆಳೆಯನದು, ಎರವಲು ತಂದು ಎರಡು ತಿಂಗಳಾದ ಮೇಲೆ ವಾಪಸ್ ಕೊಡಲು ಮನಸ್ಸೇ ಬರಲಿಲ್ಲ. ಕೊನೆಗೆ ಅವನಿಂದಲೇ ಕೊಂಡೆ.

ಗಾತ್ರದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ. ಎರಡೂ ಕ್ಯಾಮೆರಾದಿಂದ ಮೂರು ಸೆಂಟಿಮೀಟರಿಗಿಂತ ಕಡಿಮೆ ಮುಂದೆ ಬರುತ್ತವೆ. ನಾಕ್ಟನ್ ಸುಮಾರು 190 ಗ್ರಾಂ, ಅಲ್ಟ್ರಾನ್ ಸುಮಾರು 170. ಜೇಬಿನಲ್ಲಿ ಇಟ್ಟರೆ ಯಾವುದು ಅಂತ ಗೊತ್ತಾಗುವುದಿಲ್ಲ. ಆದರೆ ನಾಕ್ಟನ್‌ನ ಮೂತಿ ಅಗಲ, ಅದಕ್ಕೆ 43 ಎಂಎಂ ಫಿಲ್ಟರ್ ಬೇಕು. ಅಲ್ಟ್ರಾನ್‌ಗೆ 39 ಎಂಎಂ ಸಾಕು. ಲೈಕಾದ ಎಷ್ಟೋ ಲೆನ್ಸ್‌ಗಳದ್ದೂ ಅದೇ ಅಳತೆ, ಹಾಗಾಗಿ ನನ್ನ ಹಳೇ ಹಳದಿ ಫಿಲ್ಟರ್ ಹಾಗೇ ಕೂತಿತು. ವ್ಯೂಫೈಂಡರಿನ ಬಲಗಡೆ ಕೆಳಮೂಲೆಯನ್ನು ಲೆನ್ಸ್ ಎಷ್ಟು ಮರೆ ಮಾಡುತ್ತದೆ ಅನ್ನೋದು ರೇಂಜ್‌ಫೈಂಡರ್ ಇಟ್ಟುಕೊಂಡವರಿಗೆ ದೊಡ್ಡ ವಿಷಯ. ಹುಡ್ (ಅಡ್ಡ ಬೆಳಕು ತಡೆಯಲು ಲೆನ್ಸ್ ಮುಂದೆ ಹಾಕುವ ಮರೆ) ಇಲ್ಲದೆ ಎರಡೂ ಪರವಾಗಿಲ್ಲ. ಹುಡ್ ಹಾಕಿದರೆ ನಾಕ್ಟನ್ ಜಾಸ್ತಿ ಅಡ್ಡ ಬರುತ್ತದೆ.

ಬೆರಳಿಗೆ ನಾಕ್ಟನ್ ಹಿತ. ಫೋಕಸ್ ರಿಂಗಿನ ಕೆಳಗೆ ಬೆರಳು ಕೂರುವ ಹಾಗೆ ಒಂದು ಸಣ್ಣ ಹಿಡಿ ಇದೆ. ಆ ಹಿಡಿ ನೇರ ಕೆಳಗಿದ್ದರೆ ಎಷ್ಟು ದೂರ, ಬಲಕ್ಕೆ ಹೋದರೆ ಎಷ್ಟು ಅಂತ ವಾರದಲ್ಲೇ ಬೆರಳಿಗೆ ರೂಢಿಯಾಯಿತು. ಕ್ಯಾಮೆರಾ ಕಣ್ಣಿಗೆ ಏರಿಸುವ ಮೊದಲೇ ಫೋಕಸ್ ಹತ್ತಿರ ಹತ್ತಿರ ಬಂದಿರುತ್ತಿತ್ತು.

ಇನ್ನು ಚಿತ್ರಗಳು. ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮಾರುವ ಒಬ್ಬರು ಯಜಮಾನರಿದ್ದಾರೆ. ಮೊಣಕೈಯಿಂದ ಬೆರಳ ತುದಿಯವರೆಗೆ ಹೂವಿನ ಸರ ಹಿಡಿದು ಒಂದು ಮೊಳ, ಎರಡು ಮೊಳ ಅಂತ ಅಳೆಯುತ್ತಾರೆ. ಅಳೆಯುವಾಗ ಕಣ್ಣು ಹೂವಿನ ಮೇಲಿರುವುದಿಲ್ಲ, ಗಿರಾಕಿ ಮೇಲಿರುತ್ತದೆ. ಆ ನೋಟ ಹಿಡಿಯಬೇಕು ಅಂತ ನಾಲ್ಕು ಭಾನುವಾರ ಹೋದೆ. ಒಂದು ದಿನ ಪಕ್ಕದಲ್ಲಿ ಹೊಸ ಎಲ್ಇಡಿ ದೀಪ ಹಾಕಿದ್ದರು, ಬೆಳಕು ಚೆನ್ನಾಗಿತ್ತು. ನಾಕ್ಟನ್ ಅನ್ನು ಎಫ್ 2.8ಕ್ಕೆ ಇಟ್ಟು, ಒಂದು ಮೀಟರಿಗಿಂತ ಸ್ವಲ್ಪ ಹತ್ತಿರ ನಿಂತು, ಅವರ ಎಡಗಣ್ಣಿಗೆ ಫೋಕಸ್ ಮಾಡಿ ಆರು ಫ್ರೇಮ್ ತೆಗೆದೆ. ಫಿಲ್ಮ್ ತೊಳೆದು ಲೂಪ್ (ಭೂತಗನ್ನಡಿ) ಇಟ್ಟು ನೋಡಿದರೆ ಆರರಲ್ಲೂ ಒಂದೇ ಕಥೆ. ಕಿವಿಯ ಮುಂದಿನ ಬಿಳಿ ಕೂದಲು ಎಳೆ ಎಳೆಯಾಗಿ ಕಾಣುತ್ತಿತ್ತು, ಕಣ್ಣು ಮಾತ್ರ ಮೆತ್ತಗಿತ್ತು.

ಒಂದು ಫ್ರೇಮ್ ಆಗಿದ್ದರೆ ಅವರು ಅಲುಗಾಡಿದರು ಅಂದುಕೊಳ್ಳಬಹುದಿತ್ತು. ಆರೂ ಹಾಗೇ ಅಂದರೆ ಬೇರೆ ಏನೋ ಇರಬೇಕು ಅಲ್ವಾ? ಮನೆಯಲ್ಲಿ ಊಟದ ಮೇಜಿನ ಮೇಲೆ ದಿನಪತ್ರಿಕೆಯನ್ನು ಓರೆಯಾಗಿ ನಿಲ್ಲಿಸಿ, ಒಂದು ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಗೆಳೆಯನ ಡಿಜಿಟಲ್ ಎಂ ಕ್ಯಾಮೆರಾಗೆ ನಾಕ್ಟನ್ ಹಾಕಿ, 0.7 ಮೀಟರಿನಿಂದ ಆ ಗೆರೆಗೆ ಫೋಕಸ್ ಮಾಡಿ, ರಿಂಗ್ ಮುಟ್ಟದೆ 1.4, 2, 2.8, 4, 5.6 ಅಂತ ತೆಗೆಯುತ್ತಾ ಹೋದೆ. 1.4ರಲ್ಲಿ ಕೆಂಪು ಗೆರೆಯೇ ಚೂಪು. 2ರಲ್ಲಿ ಚೂಪು ಜಾಗ ಒಂದು ಸಾಲು ಹಿಂದೆ ಸರಿಯಿತು. 2.8ರಲ್ಲಿ ಎರಡು ಸಾಲು ಹಿಂದೆ. 5.6ರ ಹೊತ್ತಿಗೆ ಚೂಪು ಬರುವ ಆಳವೇ ಜಾಸ್ತಿಯಾಗಿ ಗೆರೆಯೂ ಅದರೊಳಗೆ ಬಂತು.

ಇದಕ್ಕೆ ಫೋಕಸ್ ಶಿಫ್ಟ್ ಅಂತಾರೆ. ಈ ನಾಕ್ಟನ್ 1961ರ ಲೈಕಾ ಸಮಿಲಕ್ಸ್ 35ರ ಮಾದರಿಯನ್ನು ಅನುಸರಿಸಿದ್ದು. ಅದರ ಗಾಜುಗಳೆಲ್ಲ ಗೋಲದ ಮೈಯವು. ಅಂಥ ಗಾಜಿನ ಅಂಚಿನಿಂದ ಬರುವ ಬೆಳಕು ಮತ್ತು ನಡುವಿನಿಂದ ಬರುವ ಬೆಳಕು ಸರಿಯಾಗಿ ಒಂದೇ ಜಾಗದಲ್ಲಿ ಕೂಡುವುದಿಲ್ಲ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಮುಚ್ಚುತ್ತಾ ಹೋದ ಹಾಗೆ ಅಂಚಿನ ಬೆಳಕು ಕಡಿಮೆಯಾಗುತ್ತದೆ, ಫೋಕಸ್ ಹಿಂದಕ್ಕೆ ಜಾರುತ್ತದೆ. ಇಷ್ಟು ಚಿಕ್ಕ ಮೈಯಲ್ಲಿ 1.4 ಬೇಕು, ಹಳೆಯ ಲೆನ್ಸಿನ ಗುಣವೂ ಬೇಕು ಅಂದರೆ ಇದು ಜೊತೆಗೆ ಬರುವ ಸ್ವಭಾವ. ಲೆನ್ಸ್ ಕೆಟ್ಟಿದೆ ಅಂತಲ್ಲ.

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಆದರೂ ಲೆನ್ಸ್ ಒಳಗಿಂದಲೇ ನೋಡುತ್ತೀರಿ, ಬಟನ್ ಒತ್ತಿ ಅಪರ್ಚರ್ ಮುಚ್ಚಿ ನೋಡಬಹುದು. ಮಿರರ್‌ಲೆಸ್‌ನಲ್ಲಿ ಪರದೆ ಮೇಲೆ ಹಿಗ್ಗಿಸಿ ನೋಡಬಹುದು. ರೇಂಜ್‌ಫೈಂಡರಿನಲ್ಲಿ ನಮ್ಮ ಕಣ್ಣು ಲೆನ್ಸ್ ಒಳಗೆ ಹೋಗುವುದೇ ಇಲ್ಲ. ಪಕ್ಕದ ಕಿಟಕಿಯಲ್ಲಿ ಎರಡು ಬಿಂಬ ಕೂಡಿಸುತ್ತೇವೆ, ಉಳಿದದ್ದನ್ನು ಲೆನ್ಸ್ ಮೇಲೆ ನಂಬಿಕೆ ಇಟ್ಟು ಬಿಡುತ್ತೇವೆ. ಅದಕ್ಕೇ ಈ ಕ್ಯಾಮೆರಾಗೆ ಲೆನ್ಸ್ ಆರಿಸುವಾಗ ಎಷ್ಟು ಬೆಳಕು ಒಳಗೆ ಬಿಡುತ್ತದೆ ಅನ್ನೋದಕ್ಕಿಂತ, ನಾನು ಹೇಳಿದ ಜಾಗದಲ್ಲೇ ಫೋಕಸ್ ನಿಲ್ಲಿಸುತ್ತದಾ ಅನ್ನೋದು ನನಗೆ ಮೊದಲು.

ಅದೇ ಪತ್ರಿಕೆ, ಅದೇ ಗೆರೆ, ಅಲ್ಟ್ರಾನ್ ಹಾಕಿ ನೋಡಿದೆ. 2, 2.8, 4 ಎಲ್ಲದರಲ್ಲೂ ಚೂಪು ಜಾಗ ಕೆಂಪು ಗೆರೆಯಿಂದ ಕದಲಲಿಲ್ಲ. ಇದರಲ್ಲಿ ಆಸ್ಫೆರಿಕಲ್ ಗಾಜು ಇದೆ. ಅಂಚಿನ ಬೆಳಕನ್ನು ನಡುವಿನ ಬೆಳಕಿನ ಜೊತೆ ಸೇರಿಸಲು ಅದರ ಮೈಯನ್ನು ಬೇರೆ ಬಾಗಿನಲ್ಲಿ ಮಾಡಿರುತ್ತಾರೆ. ಮುಂದಿನ ಭಾನುವಾರ ಮಲ್ಲಿಗೆ ಯಜಮಾನರ ಮುಂದೆ ಎಫ್ 2, ಸೆಕೆಂಡಿನ 30ನೇ ಒಂದು ಭಾಗಕ್ಕೆ ಎಂಟು ಫ್ರೇಮ್ ತೆಗೆದೆ. ಎರಡರಲ್ಲಿ ಅವರ ಕೈ ಅಲುಗಾಡಿತ್ತು. ಆರರಲ್ಲಿ ಕಣ್ಣು ಚೂಪಾಗಿತ್ತು. ಒಂದರಲ್ಲಂತೂ ಮೊಗ್ಗುಗಳ ನಡುವಿನ ಬಾಳೆನಾರಿನ ಗಂಟು ಕೂಡ ಕಾಣುತ್ತದೆ. ಎಂ6ರಲ್ಲಿ ಎಸ್‌ಎಲ್‌ಆರ್‌ನ ಹಾಗೆ ಮೇಲೆದ್ದು ಬಿದ್ದು ಕ್ಯಾಮೆರಾ ಅಲುಗಿಸುವ ಕನ್ನಡಿ ಇಲ್ಲ, ಹಾಗಾಗಿ 30ನೇ ಒಂದು ಭಾಗಕ್ಕೆ ನನ್ನ ಕೈ ತಡೆಯುತ್ತದೆ. ನಾನು ಕಳಕೊಂಡೆ ಅಂದುಕೊಂಡಿದ್ದ ಒಂದು ಸ್ಟಾಪ್ ನಿಜವಾಗಿ ಅಷ್ಟು ಬೇಕಿರಲಿಲ್ಲ.

ಹಾಗಂತ ನಾಕ್ಟನ್ ಬಗ್ಗೆ ನನಗೆ ಪ್ರೀತಿ ಕಡಿಮೆಯಾಗಿಲ್ಲ. ಪೂರ್ತಿ ತೆರೆದು 1.4ರಲ್ಲಿ ತೆಗೆದರೆ ದೀಪದ ಸುತ್ತ, ಬಿಳಿ ಪಂಚೆಯ ಅಂಚಿಗೆ ಒಂದು ತೆಳು ಹೊಳಪು ಸುತ್ತಿಕೊಳ್ಳುತ್ತದೆ. ಕಡಲೆಕಾಯಿ ಪರಿಷೆಯಲ್ಲಿ, ಕಾರ್ತಿಕ ಮಾಸದ ಕೊನೆ ಸೋಮವಾರ ಸಂಜೆ, ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಮುಂದೆ ಸಾಲು ಬಲ್ಬುಗಳ ಕೆಳಗೆ ಆ ಹೊಳಪು ಬಹಳ ಚೆಂದ ಬಂತು. ಚೌಕಟ್ಟಿನ ಮೂಲೆಯ ಬಲ್ಬುಗಳು ಮಾತ್ರ ರೆಕ್ಕೆ ಬಿಚ್ಚಿದ ಹಾಗೆ ಎಳೆದುಕೊಳ್ಳುತ್ತವೆ. ಕಟ್ಟಡದ ನೇರ ಗೆರೆ ಅಂಚಿಗೆ ಬಂದರೆ ಹೊರಕ್ಕೆ ಉಬ್ಬುತ್ತದೆ. 0.7 ಮೀಟರಿನಲ್ಲಿ 1.4ಕ್ಕೆ ಚೂಪು ಬರುವ ಆಳ ಬರೀ ಮೂರು ಸೆಂಟಿಮೀಟರ್. ಮೂಗಿಗೆ ಇಟ್ಟರೆ ಕಣ್ಣು ಹೋಯಿತು. ಈಗ ನಾಕ್ಟನ್ ಹಾಕಿದರೆ ಹತ್ತಿರದ ಮುಖಗಳಿಗೆ ಒಂದೋ 1.4, ಇಲ್ಲ 5.6ರ ಮೇಲೆ. ನಡುವಿನದನ್ನು ಮುಟ್ಟುವುದಿಲ್ಲ.

ಅಲ್ಟ್ರಾನ್ 0.58 ಮೀಟರ್ ಹತ್ತಿರ ಹೋಗುತ್ತದೆ ಅನ್ನೋದನ್ನು ನೋಡಿ ಯಾರೂ ಕೊಳ್ಳಬೇಡಿ. ಎಂ6ರ ರೇಂಜ್‌ಫೈಂಡರ್ 0.7ಕ್ಕೇ ನಿಂತುಬಿಡುತ್ತದೆ, ಆಮೇಲೆ ಅಂದಾಜೇ ಗತಿ.

ನಡುವೆ ಝೈಸ್ ಸಿ ಬಯೋಗಾನ್ 35 ಎಂಎಂ ಎಫ್ 2.8 ಕೂಡ ಎರಡು ವಾರ ಹಾಕಿ ನೋಡಿದೆ. ಹಗಲಲ್ಲಿ ಅದಕ್ಕೆ ಸಾಟಿ ಇಲ್ಲ, ಗೆರೆ ಎಲ್ಲ ಸ್ಕೇಲಿಟ್ಟ ಹಾಗೆ ನೇರ. ಆದರೆ ಐದು ಗಂಟೆಯ ಮಾರ್ಕೆಟ್ಟಿಗೆ ಅದು ಆಗಲ್ಲ, 15ನೇ ಒಂದು ಭಾಗಕ್ಕೆ ಇಳಿಯಬೇಕು. ಲೈಕಾ ಸಮಿಕ್ರಾನ್ 35 ಆಸ್ಫೆರಿಕಲ್ ಕೂಡ ಎರಡು ಭಾನುವಾರ ಕೈಗೆ ಸಿಕ್ಕಿತ್ತು. ಬಹಳ ಒಳ್ಳೆಯ ಲೆನ್ಸ್. ಅಲ್ಟ್ರಾನ್ ಜೊತೆ ಇಟ್ಟು 10 ಇಂಚಿನ ಪ್ರಿಂಟ್ ಮಾಡಿಸಿದಾಗ ಯಾವುದು ಯಾವುದರದ್ದು ಅಂತ ಹೇಳಲು ನನ್ನ ಕಣ್ಣಿಗೆ ಆಗಲಿಲ್ಲ. ಬೆಲೆ ನೋಡಿದರೆ ಹಲವು ಪಟ್ಟು ಜಾಸ್ತಿ.

ನೀವು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅಂಗಡಿಗೆ ನಿಮ್ಮ ಕ್ಯಾಮೆರಾ ತೆಗೆದುಕೊಂಡೇ ಹೋಗಿ. ಮೊದಲು ಹೊರಗೆ ಬಂದು ದೂರದ ಟವರ್ ಒಂದನ್ನು ನೋಡಿ. ಲೆನ್ಸ್ ಇನ್ಫಿನಿಟಿಯಲ್ಲಿ (ಅತಿ ದೂರದ ಫೋಕಸ್) ನಿಂತಾಗ ಎರಡು ಬಿಂಬ ಸರಿಯಾಗಿ ಕೂಡಬೇಕು. ಕೂಡದಿದ್ದರೆ ತೊಂದರೆ ಕ್ಯಾಮೆರಾದ್ದಾ ಲೆನ್ಸಿನದ್ದಾ ಅಂತ ಇನ್ನೊಂದು ಲೆನ್ಸ್ ಹಾಕಿ ನೋಡಿ. ಆಮೇಲೆ ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಗಾಜಿನ ಒಳಗೆ ಮಸುಕು, ಬೂಷ್ಟು ಇದೆಯಾ ಅಂತ ನೋಡಿ. ನಮ್ಮ ಮಳೆಗಾಲದಲ್ಲಿ ಬೀರುವಿನಲ್ಲಿ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಡಿಜಿಟಲ್ ಬಾಡಿ ಯಾರ ಹತ್ತಿರವಾದರೂ ಸಿಕ್ಕರೆ ಪತ್ರಿಕೆ ಓರೆ ನಿಲ್ಲಿಸಿ, ಒಂದು ಗೆರೆ ಎಳೆದು, ನಾಲ್ಕು ಅಪರ್ಚರ್‌ನಲ್ಲಿ ತೆಗೆದು ನೋಡಿ. ಹತ್ತು ನಿಮಿಷದ ಕೆಲಸ ಅಷ್ಟೇ.