ಆ್ಯಪ್ ತೋರಿಸಿದ ಬಿಳಿ ದಿನ, ವಾಟ್ಸ್‌ಆ್ಯಪಿನಲ್ಲಿ ಬಂದ ಮಾತ್ರೆ: ದಯವಿಟ್ಟು ಓದಿ

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ, ವಯಸ್ಸು 27, ಒಂದು ಮಗು. ಸದ್ಯಕ್ಕೆ ಇನ್ನೊಂದು ಬೇಡ ಅಂತ ಗಂಡ ಹೆಂಡತಿ ತೀರ್ಮಾನಿಸಿದ್ದರು. ಅದಕ್ಕೆ ಆಕೆ ನಂಬಿಕೊಂಡಿದ್ದು ಫೋನಿನಲ್ಲಿದ್ದ ಮುಟ್ಟಿನ ಆ್ಯಪನ್ನು. ಕೊನೆಗೆ ಆಗಿದ್ದು ತುರ್ತು ಆಪರೇಷನ್. ಒಂದು ಗರ್ಭನಾಳ ತೆಗೆಯಬೇಕಾಯಿತು, ಎರಡು ಬಾಟಲಿ ರಕ್ತ ಹಾಕಬೇಕಾಯಿತು. ಗುರುತು ಸಿಗುವಂಥದ್ದನ್ನೆಲ್ಲ ಬಿಟ್ಟು, ಎಲ್ಲೆಲ್ಲಿ ಎಡವಿತು ಅನ್ನುವುದನ್ನಷ್ಟೇ ಬರೆಯುತ್ತಿದ್ದೇವೆ. ಇದೇ ದಾರಿಯಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ.

ಮೊದಲು ಆ್ಯಪಿನ ವಿಷಯ. ಆಕೆ ಅದರಲ್ಲಿ ಆರು ತಿಂಗಳ ತಾರೀಕು ತಪ್ಪದೆ ಹಾಕಿದ್ದರು. ಒಂದು ಮುಟ್ಟಿನಿಂದ ಇನ್ನೊಂದಕ್ಕೆ ಇದ್ದ ಅಂತರ 29, 36, 31, 27, 38, 31 ದಿನ. ಆ್ಯಪ್ ಇದನ್ನು ಕೂಡಿಸಿ ಭಾಗಿಸಿ ಸರಾಸರಿ 32 ಅಂದಿತು. ಮುಟ್ಟಿಗೆ 14 ದಿನ ಮುಂಚೆ ಅಂಡ ಬಿಡುಗಡೆಯಾಗುತ್ತದೆ ಅನ್ನುವ ಲೆಕ್ಕದಲ್ಲಿ, ಮುಟ್ಟಿನ ಮೊದಲ ದಿನದಿಂದ ಎಣಿಸಿ 18ನೇ ದಿನಕ್ಕೆ ಗುರುತು ಹಾಕಿ, 13ರಿಂದ 19ರವರೆಗೆ ಗುಲಾಬಿ ಬಣ್ಣ ಬಳಿಯಿತು. ಉಳಿದ ದಿನಗಳೆಲ್ಲ ಬಿಳಿ. ಬಿಳಿ ಅಂದರೆ ಭಯವಿಲ್ಲ ಅಂತ ಆ್ಯಪ್ ಎಲ್ಲೂ ಹೇಳಿರಲಿಲ್ಲ, ಆಕೆಯೇ ಹಾಗೆ ಅಂದುಕೊಂಡರು. ಯಾರು ನೋಡಿದರೂ ಹಾಗೇ ಅಂದುಕೊಳ್ಳುತ್ತಾರೆ, ಆ ಪರದೆ ಇರುವುದೇ ಹಾಗೆ.

22ನೇ ದಿನ ಬಿಳಿ. ಕಾಂಡೋಮ್ ಬಳಸಲಿಲ್ಲ. ಆದರೆ 38 ದಿನಕ್ಕೆ ಮುಟ್ಟಾಗುವ ತಿಂಗಳಲ್ಲಿ ಅಂಡ ಹೊರಬರುವುದು 24ನೇ ದಿನದ ಸುಮಾರಿಗೆ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಲ್ಲದು. ಸರಾಸರಿ 32 ಅಂತ ಹೇಳುವ ಆ್ಯಪಿಗೆ ಈ ತಿಂಗಳು 27ರದ್ದೋ 38ರದ್ದೋ ಅನ್ನುವುದು ಮುಟ್ಟಾದ ಮೇಲೆಯೇ ತಿಳಿಯುವುದು. ಅಲ್ಲಿಯವರೆಗೆ ಅದು ಮಾಡುವುದೆಲ್ಲ ಅಂದಾಜು.

ಕಾಗದದ ಮೇಲಿನ ಹಳೇ ಲೆಕ್ಕವೇ ಇದಕ್ಕಿಂತ ಮೇಲು. ಕನಿಷ್ಠ ಆರು ತಿಂಗಳ ಅಂತರ ಬರೆದುಕೊಳ್ಳಿ. ಅತಿ ಚಿಕ್ಕದರಿಂದ 18 ಕಳೆಯಿರಿ, ಅತಿ ದೊಡ್ಡದರಿಂದ 11 ಕಳೆಯಿರಿ. ಈಕೆಗೆ 27ರಿಂದ 18 ಕಳೆದರೆ 9, 38ರಿಂದ 11 ಕಳೆದರೆ 27. ಅಂದರೆ 9ರಿಂದ 27ನೇ ದಿನದವರೆಗೆ ಗರ್ಭ ನಿಲ್ಲಬಹುದು. ಆ್ಯಪ್ ತೋರಿಸಿದ್ದು ಏಳು ದಿನ, ನಿಜಕ್ಕೂ ಜೋಪಾನವಾಗಿರಬೇಕಾದದ್ದು 19 ದಿನ. 8ರಿಂದ 19ನೇ ದಿನದವರೆಗೆ ಎಚ್ಚರ ಸಾಕು ಅನ್ನುವ ಇನ್ನೊಂದು ಪದ್ಧತಿಯೂ ಇದೆ, ಬಣ್ಣದ ಮಣಿಗಳ ಸರ ಇಟ್ಟುಕೊಂಡು ಎಣಿಸುತ್ತಾರಲ್ಲ, ಅದು. ಅದು 26ರಿಂದ 32 ದಿನದೊಳಗೆ ಮುಟ್ಟಾಗುವವರಿಗೆ ಮಾತ್ರ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಆ ಮಿತಿ ದಾಟಿದರೆ ಆ ಪದ್ಧತಿ ನಿಮ್ಮದಲ್ಲ. ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ, ಎದೆಹಾಲು ಕುಡಿಸುವಾಗ, ಗರ್ಭನಿರೋಧಕ ಗುಳಿಗೆ ನಿಲ್ಲಿಸಿದ ಹೊಸತರಲ್ಲಿ ಯಾವ ಲೆಕ್ಕವನ್ನೂ ನಂಬಬೇಡಿ.

ಮಾರನೇ ದಿನ ಒಂದು ಅವಕಾಶವಿತ್ತು. 72 ಗಂಟೆಯೊಳಗೆ ನುಂಗುವ ತುರ್ತು ಗರ್ಭನಿರೋಧಕ ಮಾತ್ರೆ, ಲಿವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಯಾವ ಮೆಡಿಕಲ್ ಶಾಪಿನಲ್ಲೂ ಚೀಟಿಯಿಲ್ಲದೆ ಸಿಗುತ್ತದೆ. ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಬಿಳಿ ದಿನ ಅಂದುಕೊಂಡಿದ್ದರಿಂದ ಅದರ ಯೋಚನೆಯೇ ಬರಲಿಲ್ಲ. (ಇದು ಗರ್ಭ ತೆಗೆಸುವ ಮಾತ್ರೆಯಲ್ಲ, ಗರ್ಭ ನಿಂತ ಮೇಲೆ ಇದರಿಂದ ಏನೂ ಆಗುವುದಿಲ್ಲ. ಈ ಎರಡನ್ನೂ ಒಂದೇ ಅಂದುಕೊಂಡವರು ಬಹಳ.)

ಎರಡನೇ ಎಡವಟ್ಟು ವಾರದ ಎಣಿಕೆಯಲ್ಲಿ. 46ನೇ ದಿನ ಮೂತ್ರದ ಕಿಟ್‌ನಲ್ಲಿ ಎರಡು ಗೆರೆ ಬಂತು. ಆ್ಯಪ್ ಪರದೆಯಲ್ಲಿ ‘14 ದಿನ ತಡ’ ಅಂತಿತ್ತು. ಹಾಗಾದರೆ ಎರಡು ವಾರದ ಬಸಿರು ಅಂದುಕೊಂಡರು. ಬಸಿರನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆವತ್ತಿಗೆ ಆಗಿದ್ದು ಸುಮಾರು ಆರೂವರೆ ವಾರ.

ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಗರ್ಭ ತೆಗೆಸುವ ಮಾತ್ರೆ ಮಾರುವವನ ವಾಟ್ಸ್‌ಆ್ಯಪ್ ನಂಬರ್ ಕೊಟ್ಟರು. ಆ ಕಡೆಯವನು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟ್ ದಿನ ಲೇಟ್ ಮೇಡಂ?” “ಹದಿನಾಲ್ಕು.” “ಹಂಗಾದ್ರೆ ಏನೂ ಭಯ ಇಲ್ಲ, ಅಡ್ರೆಸ್ ಕಳ್ಸಿ.” ರಕ್ತದ ಗುಂಪು, ಹಿಮೋಗ್ಲೋಬಿನ್, ಸ್ಕ್ಯಾನ್, ಹಿಂದೆ ಸಿಸೇರಿಯನ್ ಆಗಿದೆಯೇ, ಒಳಗೆ ಕಾಪರ್-ಟಿ ಇದೆಯೇ, ಒಂದನ್ನೂ ಕೇಳಲಿಲ್ಲ. 53ನೇ ದಿನ ಕೊರಿಯರ್ ಬಂತು. ಕಂಪನಿಯ ಡಬ್ಬಿ ಇಲ್ಲ, ಕತ್ತರಿಸಿದ ಎರಡು ಸ್ಟ್ರಿಪ್ ತುಂಡು, ಒಟ್ಟು ಐದು ಮಾತ್ರೆ. ಎಕ್ಸ್‌ಪೈರಿ ಅಚ್ಚಾಗಿದ್ದ ಅಂಚನ್ನೇ ಕತ್ತರಿಸಿ ತೆಗೆದಿದ್ದರು.

ಮಾತ್ರೆಯ ಮೇಲೆ ನಮಗೆ ಸಿಟ್ಟಿಲ್ಲ. ಡಾಕ್ಟರು ನೋಡಿ ಕೊಟ್ಟಾಗ ಇದೇ ಮಾತ್ರೆ ಸುರಕ್ಷಿತ. ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂನ ಒಂದು, ಮಿಸೊಪ್ರೊಸ್ಟಾಲ್ 200 ಮೈಕ್ರೊಗ್ರಾಂನ ನಾಲ್ಕು ಸೇರಿದ ಕಿಟ್ಟಿಗೆ ನಮ್ಮಲ್ಲಿ ಒಂಬತ್ತು ವಾರದವರೆಗೆ, ಅಂದರೆ 63 ದಿನದವರೆಗೆ ಒಪ್ಪಿಗೆ ಇದೆ. ತೊಂದರೆ ಏನೆಂದರೆ, ಇದು ಕೆಲಸ ಮಾಡುವುದು ಗರ್ಭಕೋಶದೊಳಗಿನ ಗರ್ಭದ ಮೇಲೆ. ಈಕೆಯ ಗರ್ಭ ನಿಂತಿದ್ದು ಬಲಗಡೆಯ ನಾಳದಲ್ಲಿ. ಮಾತ್ರೆ ನುಂಗಿದ ಮೇಲೆ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಯಿತು, ‘ಆಯ್ತು, ಮುಗೀತು’ ಅಂದುಕೊಂಡರು. ನಾಳದಲ್ಲಿದ್ದದ್ದು ಬೆಳೆಯುತ್ತಲೇ ಇತ್ತು.

ಆರು ವಾರ ದಾಟಿದ್ದರಿಂದ, ಮೊದಲೇ ಸ್ಕ್ಯಾನ್ ಮಾಡಿಸಿದ್ದರೆ ಗರ್ಭದ ಚೀಲ ಎಲ್ಲಿದೆ ಅನ್ನುವುದು ಬಹುತೇಕ ಗೊತ್ತಾಗುತ್ತಿತ್ತು. ಸ್ಪಷ್ಟವಾಗದಿದ್ದರೆ ಬಸಿರಿನ ಹಾರ್ಮೋನು ಅಳೆಯುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಯನ್ನು 48 ಗಂಟೆ ಬಿಟ್ಟು ಎರಡು ಸಲ ಮಾಡಿ ಏರಿಳಿತ ನೋಡುತ್ತಾರೆ. ನಾಳದ ಗರ್ಭ ಚಿಕ್ಕದಿರುವಾಗಲೇ ಸಿಕ್ಕಿದರೆ ಎಷ್ಟೋ ಸಲ ಇಂಜೆಕ್ಷನ್‌ನಲ್ಲೇ ಕರಗಿಸಿ ನಾಳ ಉಳಿಸಬಹುದು.

57ನೇ ದಿನ ರಾತ್ರಿ ಬಲಗಡೆ ಕಿಬ್ಬೊಟ್ಟೆಯಲ್ಲಿ ಚುಚ್ಚುವ ನೋವು. ಆ ನಂಬರಿಗೆ ಮೆಸೇಜ್ ಹಾಕಿದರೆ “ನೋವು ಬಂದೇ ಬರುತ್ತೆ ಮೇಡಂ, ಬಿಸಿನೀರ್ ಕುಡೀರಿ” ಅನ್ನುವ ಉತ್ತರ. ಬೆಳಗ್ಗೆ ಹೆಗಲಿನ ತುದಿ ನೋಯತೊಡಗಿತು. ಹೊಟ್ಟೆಯೊಳಗೆ ಸೋರಿದ ರಕ್ತ ವಪೆಗೆ (ಎದೆ, ಹೊಟ್ಟೆಯ ನಡುವಿನ ಪದರಕ್ಕೆ) ತಾಗಿದಾಗ ಹೆಗಲು ನೋಯುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೀದಿಯ ಕ್ಲಿನಿಕ್ಕಿಗೆ ಹೋದಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು, ಹಾಗಾಗಿ ಮಾತ್ರೆ ತಗೊಂಡ ವಿಷಯ ಬಾಯಿಬಿಡಲಿಲ್ಲ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬಂದರು. ನಾಲ್ಕು ಗಂಟೆ ಅಲ್ಲೇ ಹೋಯಿತು. ಬಚ್ಚಲಲ್ಲಿ ತಲೆಸುತ್ತಿ ಬಿದ್ದ ಮೇಲೆ 108ಕ್ಕೆ ಕರೆ ಹೋಯಿತು.

ಮಾತ್ರೆ ತಗೊಂಡವರು ಯಾರೇ ಇರಲಿ, ಈ ಲಕ್ಷಣ ಕಂಡರೆ ಕಾಯಬಾರದು: ಒಂದೇ ಪಕ್ಕದ ತೀವ್ರ ನೋವು, ಹೆಗಲು ನೋವು, ತಲೆಸುತ್ತು, ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ಯುವಷ್ಟು ರಕ್ತ ಸತತ ಎರಡು ಗಂಟೆ ಹೋಗುವುದು, ಒಂದು ದಿನ ಕಳೆದರೂ ಇಳಿಯದ 100.4 ಡಿಗ್ರಿ ಜ್ವರ. ಮಾತ್ರೆ ತಗೊಂಡೂ ರಕ್ತವೇ ಹೋಗದಿದ್ದರೆ ಅದೂ ಅಪಾಯದ ಸೂಚನೆಯೇ. ಆಮೇಲೆ ಮೂತ್ರದ ಕಿಟ್ ಇಟ್ಟುಕೊಂಡು ಪರೀಕ್ಷೆ ಮಾಡುವುದರಿಂದ ಪ್ರಯೋಜನವಿಲ್ಲ, ಗರ್ಭ ಪೂರ್ತಿ ಹೋದ ಮೇಲೂ ಕೆಲವು ವಾರ ಎರಡು ಗೆರೆ ಬರಬಹುದು. ಡಾಕ್ಟರು 15ನೇ ದಿನ ಬರಹೇಳುವುದು ಸುಮ್ಮನೆ ಅಲ್ಲ.

ಆಕೆ ಆಸ್ಪತ್ರೆಗೆ ಹೋಗದಿದ್ದಕ್ಕೆ ಕಾರಣ ಒಂದೇ, ಗಂಡನ ಸಹಿ ಕೇಳುತ್ತಾರೆ, ಮನೆಗೆಲ್ಲ ಗೊತ್ತಾಗುತ್ತದೆ ಅನ್ನುವ ಭಯ. ಕಾನೂನು ಹಾಗಿಲ್ಲ. 1971ರ ಗರ್ಭಪಾತ ಕಾಯ್ದೆಯ ಪ್ರಕಾರ 18 ತುಂಬಿದ ಹೆಣ್ಣಿಗೆ ಆಕೆಯ ಒಪ್ಪಿಗೆ ಒಂದೇ ಸಾಕು. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ಅರ್ಹ ಡಾಕ್ಟರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟಿತು ಅನ್ನುವ ಕಾರಣ ಮದುವೆಯಾಗದವರಿಗೂ ಅನ್ವಯಿಸುತ್ತದೆ. ಹೆಸರು ಬಹಿರಂಗ ಮಾಡಿದರೆ ಡಾಕ್ಟರಿಗೇ ಶಿಕ್ಷೆ. ಬೆಂಗಳೂರಿನಲ್ಲಿ ಕೆ.ಆರ್. ಮಾರುಕಟ್ಟೆ ಹತ್ತಿರದ ವಾಣಿವಿಲಾಸದಂಥ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಎಲ್ಲಿ ಕೇಳಬೇಕು ತಿಳಿಯದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ. ಇನ್ನು ಫೋನಿನಲ್ಲೇ ಡಾಕ್ಟರ ಸಲಹೆ ಪಡೆಯುವುದಾದರೆ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಅವರ ಹೆಸರು, ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಲೇಬೇಕು. ಅದಿಲ್ಲದೆ ಅಡ್ರೆಸ್ ಕೇಳುವವನು ಅಂಗಡಿಯವನಷ್ಟೇ. ನಿಮ್ಮ ಹೆಸರು, ವಿಳಾಸ, ತಗೊಂಡ ಮಾತ್ರೆ, ಎಲ್ಲವೂ ಅವನ ಫೋನಿನಲ್ಲಿ ಉಳಿದುಕೊಳ್ಳುತ್ತದೆ. ಅದನ್ನಿಟ್ಟುಕೊಂಡು ಮುಂದೆ ದುಡ್ಡಿಗೆ ಪೀಡಿಸಿದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಫೋನನ್ನು ಬೇರೆ ರೀತಿ ದುಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುವ ‘ಛಾಯಾ’ ಗರ್ಭನಿರೋಧಕ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೆ ಒಂದು ಸಲ ತಗೋಬೇಕು. ಮೂರನೇ ತಿಂಗಳು ಮುಗಿದಾಗ ಅಲಾರಂ ಬದಲಿಸುವುದನ್ನು ಮರೆತೇ ಗೊಂದಲವಾಗುವುದು, ಅದಕ್ಕೆ ಎರಡೂ ಅಲಾರಂಗಳನ್ನು ಮೊದಲ ದಿನವೇ ಇಟ್ಟುಬಿಡಿ. ಛಾಯಾ ತಗೊಳ್ಳುವಾಗ ಮುಟ್ಟು ಮುಂದೆ ಹೋಗುವುದುಂಟು, ಆ್ಯಪಿನ ‘ತಡ’ ನೋಡಿ ಗಾಬರಿಬಿದ್ದು ಗುಳಿಗೆ ನಿಲ್ಲಿಸಬೇಡಿ, ಅನುಮಾನವಿದ್ದರೆ ಕಿಟ್‌ನಲ್ಲಿ ಪರೀಕ್ಷೆ ಮಾಡಿ. ‘ಅಂತರಾ’ ಗರ್ಭನಿರೋಧಕ ಇಂಜೆಕ್ಷನ್ ಆದರೆ ಮೂರು ತಿಂಗಳಿಗೊಮ್ಮೆ. ಮುಂದಿನ ತಾರೀಕಿಗೆ ಒಂದು ವಾರ ಮೊದಲೇ ಅಲಾರಂ ಹೊಡೆಯಲಿ, ರಜೆ ಕೇಳಲು ಸಮಯ ಬೇಕಲ್ಲ. ಮನೆಮಂದಿಯೆಲ್ಲ ಮುಟ್ಟುವ ಫೋನಾದರೆ ಲಾಕ್ ಪರದೆಯ ಮೇಲೆ ನೋಟಿಫಿಕೇಷನ್ ಬರದಂತೆ ಮಾಡಿಕೊಳ್ಳಿ.

ಮಾತ್ರೆ ನುಂಗುವ ಪರಿಸ್ಥಿತಿ ಬಂದೇಬಿಟ್ಟಿದ್ದರೆ ಸ್ಟ್ರಿಪ್ಪಿನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ, ನುಂಗಿದ ದಿನ, ಗಂಟೆ ಬರೆದಿಡಿ. ಆಸ್ಪತ್ರೆಯಲ್ಲಿ ಜೊತೆಗೆ ಬಂದವರೆದುರು ಹೇಳಲಾಗದಿದ್ದರೆ, ಮಾತಾಡುವುದೇ ಬೇಡ, ಆ ಫೋಟೊ ಮತ್ತು ಕೊನೆಯ ಮುಟ್ಟಿನ ಮೊದಲ ದಿನದ ತಾರೀಕು ಇರುವ ಪರದೆಯನ್ನು ನರ್ಸ್ ಕೈಗೆ ಕೊಡಿ.