ಟೇಬಲ್ ಯುದ್ಧಕ್ಕೆ ಪುಟಾಣಿ ಟ್ಯಾಂಕ್: 1/72 ಡಿಸ್‌ಪ್ಲೇ ಕಿಟ್ಟೋ, 1/100 ಸ್ನ್ಯಾಪ್ ಕಿಟ್ಟೋ?

ನನ್ನ ಓಟು 1/100ಕ್ಕೆ, ಅಂದರೆ ನಿಜವಾದ ಟ್ಯಾಂಕಿನ ನೂರನೇ ಒಂದು ಪಾಲಿನ ಅಳತೆಗೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಟೇಬಲ್ ಮೇಲೆ ದಾಳ ಉರುಳಿಸಿ ಆಡಲು ಟ್ಯಾಂಕ್ ಬೇಕಿದ್ದರೆ ಜ್ವೆಜ್ದಾ ಕಂಪನಿಯವರ 1/100 ಸ್ನ್ಯಾಪ್ ಕಿಟ್, ಅಂದರೆ ಅಂಟಿಲ್ಲದೆ ಒತ್ತಿ ಕೂಡಿಸುವಂಥದ್ದು, ತಗೊಳ್ಳಿ. ಶೋಕೇಸಿನಲ್ಲಿಟ್ಟು ನೋಡಲು ಬೇಕಿದ್ದರೆ ಮಾತ್ರ 1/72ರ ಡಿಸ್‌ಪ್ಲೇ ಕಿಟ್. ಇವೆರಡರ ಮಧ್ಯೆ ಇನ್ನೊಂದು ಬಗೆಯೂ ಇದೆ: 1/72ರಲ್ಲೇ ಬೇಗ ಜೋಡಿಸುವಂಥದ್ದು, ಪೆಟ್ಟಿಗೆಗೆ ಎರಡು ಟ್ಯಾಂಕ್ ಬರುತ್ತವೆ. ಆರ್ಮರ್‌ಫಾಸ್ಟ್‌ನವರದು, ಇಟಲೇರಿಯವರ ಫಾಸ್ಟ್ ಅಸೆಂಬ್ಲಿ ಸಾಲಿನದು ಈ ಪೈಕಿ. ಮೂರೂ ಬಗೆಯವು ಮೈಸೂರು ಸರಸ್ವತಿಪುರಂನ ನಮ್ಮ ಮನೆಯ ಕಪಾಟಿನಲ್ಲಿವೆ. ಪೆಟ್ಟಿಗೆ ಮೇಲೆ ಅಚ್ಚಾಗಿರುವುದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ತಕರಾರೆಲ್ಲ ಟ್ರ್ಯಾಕಿನದು, ಅಂದರೆ ಟ್ಯಾಂಕಿನ ಚಕ್ರಗಳ ಸುತ್ತ ಓಡುವ ಪಟ್ಟಿಯದು.

ನಾನು ಕೊಂಡ 1/72 ಡಿಸ್‌ಪ್ಲೇ ಕಿಟ್ ಟಿ-34/85, ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕ್. ಯಾವ ಕಂಪನಿಯದು ಅನ್ನೋದು ಬೇಡ. ಹಲ್ (ಕೆಳಗಿನ ಒಡಲು), ಟರೆಟ್ (ಮೇಲೆ ತಿರುಗುವ ಗೋಪುರ) ನೋಡಿದರೆ ಕಣ್ಣು ತುಂಬುತ್ತದೆ, ವೆಲ್ಡಿಂಗ್ ಗೆರೆ ಸಹಿತ ಮೂಡಿಸಿದ್ದಾರೆ. ಟ್ರ್ಯಾಕ್ ಮಾತ್ರ ರಬ್ಬರಿನಂಥ ಮೆತ್ತನೆ ವಿನೈಲ್ ಪಟ್ಟಿ. ಎರಡು ತುದಿ ಸೇರಿಸಿ, ಚಕ್ರಗಳ ಸುತ್ತ ಏರಿಸಬೇಕು. ಕಿಟ್ಟಿನ ಉಳಿದ ಭಾಗವೆಲ್ಲ ಪಾಲಿಸ್ಟೈರೀನ್. ಅದಕ್ಕೆ ಹಾಕುವ ಸಿಮೆಂಟು ಅಂಟಿಸುವುದಿಲ್ಲ, ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಎರಡು ತುಂಡನ್ನು ಒಂದಾಗಿ ಬೆಸೆಯುತ್ತದೆ. ಈ ವಿನೈಲ್ ಅದಕ್ಕೆ ಜಪ್ಪಯ್ಯ ಅನ್ನಲಿಲ್ಲ. ಫೆವಿಕ್ವಿಕ್ ಹಾಕಿದರೆ ಹಿಡಿಯುತ್ತದೆ, ಆದರೆ ಒಣಗಿದ ಮೇಲೆ ಗಾಜಿನಷ್ಟು ಗಡುಸು. ಪಟ್ಟಿ ಬಾಗುತ್ತದೆ, ಅಂಟು ಬಾಗುವುದಿಲ್ಲ, ಕೂಡಿಸಿದ ಜಾಗದಲ್ಲೇ ಬಿಟ್ಟುಕೊಳ್ಳುತ್ತದೆ. ಕೊನೆಗೆ ಹಳೆಯ ಸ್ಕ್ರೂಡ್ರೈವರ್ ತುದಿಯನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ, ಪಟ್ಟಿಯ ತುದಿಯಲ್ಲಿರುವ ವಿನೈಲ್ ಮೊಳೆಗಳನ್ನು ಒತ್ತಿ ಚಪ್ಪಟೆ ಮಾಡಿದೆ. ಅದು ನಿಂತಿತು.

ನಿಂತ ಮೇಲೆ ಶುರುವಾಗಿದ್ದು ಎರಡನೇ ಪ್ರಾರಬ್ಧ. ಪಟ್ಟಿ ಅಳತೆಗಿಂತ ಒಂದು ಎಳೆ ಗಿಡ್ಡ. ಬಿಗಿಗೆ ಮುಂದಿನ ಚಕ್ರ, ಹಿಂದಿನ ಹಲ್ಲುಚಕ್ರ ಎರಡೂ ಒಳಕ್ಕೆ ವಾಲಿದವು. ಟಿ-34ಗೆ ಮೇಲ್ಗಡೆ ಟ್ರ್ಯಾಕ್ ಹೊರುವ ಪುಟ್ಟ ರೋಲರುಗಳೇ ಇಲ್ಲ. ನಿಜವಾದ ಟ್ಯಾಂಕಿನಲ್ಲಿ ಉಕ್ಕಿನ ಟ್ರ್ಯಾಕ್ ತನ್ನ ಭಾರಕ್ಕೆ ಇಳಿದು ದೊಡ್ಡ ಚಕ್ರಗಳ ಬೆನ್ನ ಮೇಲೆ ಕೂರುತ್ತದೆ. ಆ ಇಳಿತವೇ ಟಿ-34ರ ಮುಖಲಕ್ಷಣ. ವಿನೈಲ್ ಪಟ್ಟಿ ಈ ಕಡೆಯಿಂದ ಆ ಕಡೆಗೆ ನೆಟ್ಟಗೆ ಬಿಗಿದು, ಚಕ್ರ ಮುಟ್ಟದೆ ಗಾಳಿಯಲ್ಲಿ ನಿಂತಿತ್ತು. ಅಂದರೆ ಚೆಂದಕ್ಕೆ ಅಂತ ಕೊಟ್ಟ ದುಡ್ಡೂ ಅಲ್ಲಿಗೆ ದಂಡ.

ಮೂರನೆಯದು ಬಣ್ಣ. ಆಟದಲ್ಲಿ ಟ್ಯಾಂಕ್ ಎತ್ತುವಾಗ ಬೆರಳು ಹೋಗುವುದು ಎರಡೂ ಪಕ್ಕದ ಟ್ರ್ಯಾಕಿಗೇ. ಒತ್ತಿದಾಗಲೆಲ್ಲ ವಿನೈಲ್ ಬಾಗಿ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಮಂಡ್ಯದಲ್ಲಿ ಗೆಳೆಯನ ಮನೆಯಲ್ಲಿ ಆಡುವಾಗ ಒಂದು ಪಕ್ಕದ್ದು ಪೂರ್ತಿ ಕಳಚಿ ಬಿತ್ತು. "ಏನ್ಲಾ ಇದು, ಒಂದ್ ಗುಂಡೂ ಹೊಡೀದೆ ನಿನ್ ಟ್ಯಾಂಕಿನ್ ಚೈನ್ ಬಿಚ್ಕೊಂಡ್ ಬುಡ್ತಲ್ಲಾ!" ಅಂದವನೇ ಚಲನೆ ಬಂದ್ ಅನ್ನೋ ಟೋಕನ್ ತಂದು ಪಕ್ಕಕ್ಕಿಟ್ಟ. ನಿಯಮದ ಪ್ರಕಾರ ಅನ್ಯಾಯ, ಆದರೂ ಏನು ವಾದ ಮಾಡೋದು?

ಇನ್ನೂ ಒಂದಿದೆ. ವಿನೈಲನ್ನು ಮೆತ್ತಗಿಡಲು ಬೆರೆಸುವ ಪ್ಲಾಸ್ಟಿಸೈಸರ್ ವರ್ಷಗಳಲ್ಲಿ ಜಿನುಗಿ, ತಾಕಿಕೊಂಡಿರುವ ಪಾಲಿಸ್ಟೈರೀನ್ ಚಕ್ರವನ್ನು ತಿನ್ನುತ್ತದೆ. ಬಿಸಿಲು ಹೆಚ್ಚಿದಷ್ಟೂ ಇದು ಬೇಗ. ಏಪ್ರಿಲ್ ತಿಂಗಳಲ್ಲಿ ನಮ್ಮ ಮಹಡಿ ಕೋಣೆಯ ಕಾವು ನೆನೆದರೆ ನನ್ನದಕ್ಕೂ ಹೆಚ್ಚು ಆಯಸ್ಸಿಲ್ಲ.

ಡಿಸ್‌ಪ್ಲೇ ಕಿಟ್ಟುಗಳೆಲ್ಲ ಹೀಗೇ ಅಂತಲ್ಲ. ಕೆಲವದರಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಕೊಂಡಿಗಳನ್ನು ಒಂದೊಂದಾಗಿ ಚಿಮಟದಲ್ಲಿ ಹಿಡಿದು ಅಂಟಿಸಬೇಕು. ಇಳಿತ ಸೊಗಸಾಗಿ ಬರುತ್ತದೆ, ಕಳಚುವುದೂ ಇಲ್ಲ. ಒಂದು ಟ್ಯಾಂಕಿಗೆ ಆ ತಾಳ್ಮೆ ಸರಿ. ಆಟಕ್ಕೆ ಬೇಕಿರುವುದು ಒಂದು ಟ್ಯಾಂಕಲ್ಲ, ಒಂದು ದಂಡು.

1/100 ಸ್ನ್ಯಾಪ್ ಕಿಟ್ಟಿನಲ್ಲಿ ಚಕ್ರ, ಟ್ರ್ಯಾಕ್ ಎಲ್ಲ ಸೇರಿ ಪಕ್ಕಕ್ಕೊಂದು ಗಟ್ಟಿ ತುಂಡು. ಟಕ್ ಅಂತ ಒತ್ತಿದರೆ ಮುಗಿಯಿತು. ಅಂಟು ಬೇಡ, ನೇಲ್ ಕಟರ್ ಒಂದಿದ್ದರೆ ಸಾಕು. ಕಾಫಿ ಆರುವುದರೊಳಗೆ ಒಂದು ಟ್ಯಾಂಕ್ ಎದ್ದು ನಿಲ್ಲುತ್ತದೆ. ಚೀಲಕ್ಕೆ ತುಂಬಿಕೊಂಡು ಮಂಡ್ಯ ರೈಲು ಹತ್ತಿ ವಾಪಸ್ ತಂದರೂ ಒಂದು ಕೊಂಕಿಲ್ಲ.

ಅಳತೆಯ ವಿಷಯ. ನಮ್ಮ ಮೈದಾನ ಆರು ಅಡಿ ಉದ್ದದ ಪ್ಲೈವುಡ್. 1/72ರಲ್ಲಿ ಅದು ಸುಮಾರು 132 ಮೀಟರ್ ಜಾಗ, 1/100ರಲ್ಲಿ 183. ನಿಜದಲ್ಲಿ ಟ್ಯಾಂಕುಗಳು ಅರ್ಧ ಕಿಲೋಮೀಟರ್ ಆಚೆಯಿಂದಲೂ ಹೊಡೆದಾಡುತ್ತಿದ್ದವು, ಹಾಗಾಗಿ ಎರಡೂ ಸುಳ್ಳೇ. ಆದರೂ 1943ರ ಕುರ್ಸ್ಕ್ ಟ್ಯಾಂಕ್ ಕಾಳಗ ಆಡಲು ಹತ್ತಿಪ್ಪತ್ತು ಟ್ಯಾಂಕ್ ಇಳಿಸಿದಾಗ 1/72ರಲ್ಲಿ ಮೈದಾನ ದಸರಾ ವೇಳೆಯ ಸಬರ್ಬ್ ಬಸ್‌ಸ್ಟ್ಯಾಂಡ್ ಥರ ಕಾಣುತ್ತದೆ. 1/100ರ ಆರು ಸೆಂಟಿಮೀಟರಿನ ಟಿ-34ಗಳಿಗೆ ಓಡಾಡಲು, ಪಕ್ಕದಿಂದ ಬಳಸಿ ಬರಲು ಜಾಗ ಉಳಿಯುತ್ತದೆ.

ಬಣ್ಣ ಎರಡಕ್ಕೂ ಒಂದೇ: ಕಾರ್ ಪೇಂಟ್ ಅಂಗಡಿಯ ಮ್ಯಾಟ್ ಕಪ್ಪು ಸ್ಪ್ರೇ, ಮೇಲೆ ಅಕ್ರಿಲಿಕ್ ಹಸಿರು. ಆಷಾಢದ ಜಿಟಿಜಿಟಿಯಲ್ಲಿ ಸ್ಪ್ರೇ ಹೊಡೆಯಬೇಡಿ, ಬೆಳ್ಳಗೆ ಬೂದಿ ಕಟ್ಟುತ್ತದೆ.

ದುಡ್ಡು: ನಾನು ಒಂದು ಡಿಸ್‌ಪ್ಲೇ ಕಿಟ್ಟಿಗೆ ಕೊಟ್ಟದ್ದಕ್ಕೆ 1/100ರವು ಮೂರು ಬಂದವು.

1/100ರಲ್ಲಿ ಕಳೆದುಕೊಳ್ಳುವುದೂ ಇದೆ. ಹ್ಯಾಚ್ ತೆರೆಯುವುದಿಲ್ಲ, ಕಮಾಂಡರ್ ತಲೆ ಹೊರಹಾಕಿ ನಿಲ್ಲುವುದಿಲ್ಲ. ಫಿರಂಗಿ ನಳಿಗೆ ತುಸು ದಪ್ಪ. ಮುರಿಯುವುದಿಲ್ಲವಲ್ಲ, ನನಗೆ ಅದು ಲಾಭವೇ. ದೊಡ್ಡ ಪ್ರಶ್ನೆ ಪದಾತಿಗಳದು. 1/72ರ ಸೈನಿಕರ ಪೆಟ್ಟಿಗೆಗಳು ಬೇಕಾದಷ್ಟು ಬಗೆಯವು ಸಿಗುತ್ತವೆ. ಅವರ ಎತ್ತರ 2.4 ಸೆಂಟಿಮೀಟರ್, 1/100ರವರದು 1.7. ಬೆರೆಸಿ ನಿಲ್ಲಿಸಿದರೆ ಟಿ-34 ಪಕ್ಕ ಘಟೋತ್ಕಚನ ದಂಡು. ನನ್ನ ಗೆಳೆಯನ ಹತ್ತಿರ 1/72 ಸೈನಿಕರು ಡಬ್ಬಿಗಟ್ಟಲೆ ಇರುವುದರಿಂದ ಅವನು ಆ ಅಳತೆ ಬಿಡುವುದಿಲ್ಲ. ಅಂಥವರಿಗೆ ಎರಡು-ಟ್ಯಾಂಕ್ ಪೆಟ್ಟಿಗೆಯೇ ದಾರಿ. ಅವನ ಆರ್ಮರ್‌ಫಾಸ್ಟ್ ಶರ್ಮನ್‌ಗಳಲ್ಲಿ ಕುಸುರಿ ಕಮ್ಮಿ, ಟ್ರ್ಯಾಕ್ ಮಾತ್ರ ಗಟ್ಟಿ ಪ್ಲಾಸ್ಟಿಕ್. ಎರಡನೇ ಸ್ಥಾನ ಅದಕ್ಕೆ ಕೊಡಲು ನನಗೆ ಅಡ್ಡಿಯಿಲ್ಲ.

ಈಗ ಇಬ್ಬರಿಗೂ 1965ರ ಭಾರತ-ಪಾಕ್ ಯುದ್ಧದ ಅಸಲ್ ಉತ್ತರ್ ಕಾಳಗ ಆಡುವ ಹುಚ್ಚು ಹತ್ತಿದೆ. ಸೆಪ್ಟೆಂಬರ್ 8ರಿಂದ 10ರವರೆಗೆ ಖೇಮ್‌ಕರಣ್ ಹತ್ತಿರ ನಮ್ಮ ಸೆಂಚೂರಿಯನ್ ಟ್ಯಾಂಕುಗಳು ಕಬ್ಬಿನ ಗದ್ದೆಯಲ್ಲಿ ಅಡಗಿ ಕೂತು, ನೀರು ಬಿಟ್ಟ ಹೊಲದಲ್ಲಿ ಹೂತುಕೊಂಡ ಪಾಕಿಸ್ತಾನದ ಪ್ಯಾಟನ್‌ಗಳನ್ನು ಹೊಡೆದ ಕಾಳಗ. ಕಬ್ಬು ಅಂದ ಮೇಲೆ ಮಂಡ್ಯದವನು ಬಿಟ್ಟಾನೆಯೇ? ಬ್ಯಾಟಲ್‌ಫ್ರಂಟ್‌ನವರು 1/100ರಲ್ಲಿ ಸೆಂಚೂರಿಯನ್, ಪ್ಯಾಟನ್ ಎರಡನ್ನೂ ಮಾಡುತ್ತಾರೆ. ಸೆಂಚೂರಿಯನ್‌ನಲ್ಲೂ ಬಗೆಗಳಿವೆ: ಇಸ್ರೇಲಿನದಕ್ಕೆ 105 ಮಿ.ಮೀ. ತೋಪು, 1965ರ ನಮ್ಮದಕ್ಕೆ 20 ಪೌಂಡರ್ ತೋಪು. ಕೊಳ್ಳುವಾಗ ನಳಿಗೆ ನೋಡಿಕೊಳ್ಳಬೇಕು. ಗೆಳೆಯ ಇನ್ನೂ 1/72ರಲ್ಲೇ ಮಾಡೋಣ ಅಂತ ಹಟ ಹಿಡಿದಿದ್ದಾನೆ. ಕಬ್ಬಿನ ಗದ್ದೆ ಮಾಡುವ ಕೆಲಸ ನನಗೆ ಬಿದ್ದಿದೆ, ತೆಂಗಿನ ನಾರಿನ ಕಾಲೊರಸು ತಂದು ಪಟ್ಟಿ ಪಟ್ಟಿಯಾಗಿ ಕತ್ತರಿಸಿದ್ದೇನೆ. ಎತ್ತರ ಸರಿಯಾಗಿ 3 ಸೆಂಟಿಮೀಟರ್, ಅಂದರೆ 1/100ರಲ್ಲಿ ಹತ್ತಡಿ ಕಬ್ಬು. ಅವನ 1/72 ಸೆಂಚೂರಿಯನ್ ನಾಲ್ಕು ಸೆಂಟಿಮೀಟರ್ ದಾಟುತ್ತದೆ, ಅಡಗಿಸಿಕೊಳ್ಳಲಿ ನೋಡೋಣ.