ಸ್ಟೇಟಾದಲ್ಲಿ ಉಳಿಸಿಟ್ಟ ಗ್ರಾಫ್ ಮತ್ತೆ ತೆರೆಯುವುದು: ಬಹಳ ಕಾಲ ಬಳಸಿದವರ ಮಾತು

ಸ್ಟೇಟಾ ಅನ್ನುವ ಅಂಕಿಅಂಶಗಳ ಸಾಫ್ಟ್‌ವೇರ್ ಬಗ್ಗೆ ಬರೆಯುವವರೆಲ್ಲ ರಿಗ್ರೆಶನ್ ಬಗ್ಗೆ ಬರೆಯುತ್ತಾರೆ, ಇಲ್ಲಾಂದ್ರೆ ಲೈಸೆನ್ಸ್ ದುಬಾರಿ ಅಂತ ಗೊಣಗುತ್ತಾರೆ. ನಾನು ಇಷ್ಟು ವರ್ಷ ಇದನ್ನೇ ಹಿಡಿದುಕೊಂಡು ಕೂತಿರುವುದಕ್ಕೆ ಕಾರಣ ಬೇರೆ. ಅದರ ಗ್ರಾಫ್ ಫೈಲು, ಅದೇ ಜಿಪಿಎಚ್.

ಲೇಖನ ಕಳಿಸಿ, ಮರೆತು, ಬೇರೆ ಕೆಲಸಕ್ಕೆ ಕೈ ಹಾಕಿರುತ್ತೇವೆ. ಅಷ್ಟರಲ್ಲಿ ಪತ್ರಿಕೆಯವರಿಂದ ಪತ್ರ ಬರುತ್ತದೆ: ಎರಡನೇ ಚಿತ್ರದ ಅಕ್ಷರ ತೀರಾ ಚಿಕ್ಕದು, ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ. ಕೈಯಲ್ಲಿ ಬರೀ ಪಿಎನ್‌ಜಿ ಇದ್ದರೆ ಮುಗಿಯಿತು, ಎಲ್ಲ ಮೊದಲಿಂದ. ಜಿಪಿಎಚ್ ಇದ್ದರೆ 'ಗ್ರಾಫ್ ಯೂಸ್' ಅಂತ ಬರೆದು ಫೈಲಿನ ಹೆಸರು ಕೊಟ್ಟರೆ ಸಾಕು, ಗ್ರಾಫ್ ಎದ್ದು ಬರುತ್ತದೆ. ಡೇಟಾ ಫೈಲು ತೆರೆದಿರಬೇಕು ಅಂತೇನೂ ಇಲ್ಲ. ಬೇರೆ ಡೇಟಾ ತೆರೆದಿದ್ದರೂ ಅದಕ್ಕೆ ಏನೂ ಆಗುವುದಿಲ್ಲ, ಯಾಕಂದ್ರೆ ಗ್ರಾಫಿಗೆ ಬೇಕಾದ ಅಂಕಿಗಳು ಆ ಫೈಲಿನೊಳಗೇ ಇರುತ್ತವೆ.

ಹೀಗೆ ಅಂಕಿಗಳ ಸಮೇತ ಉಳಿಯುವ ರೂಪಕ್ಕೆ ಸ್ಟೇಟಾದವರು 'ಲೈವ್' ಅನ್ನುತ್ತಾರೆ, ಸುಮ್ನೆ ಉಳಿಸಿದರೆ ಈ ರೂಪದಲ್ಲೇ ಉಳಿಯುತ್ತದೆ. 'ಆಸ್‌ಈಸ್' ಅಂತ ಇನ್ನೊಂದು ರೂಪ ಇದೆ, ಅದರಲ್ಲಿ ಗ್ರಾಫ್ ಹೇಗಿತ್ತೋ ಹಾಗೇ ಹೆಪ್ಪುಗಟ್ಟುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ. ನನಗಂತೂ ಅದು ಒಮ್ಮೆಯೂ ಬೇಕಾಗಿಲ್ಲ.

ನನಗೆ ತುಂಬಾ ಇಷ್ಟವಾದ ಕಮಾಂಡ್ ಅಂದರೆ 'ಗ್ರಾಫ್ ಡಿಸ್ಕ್ರೈಬ್'. ಸ್ಟೇಟಾ ಜೊತೆ ಬರುವ 'ಆಟೋ' ಡೇಟಾ ಗೊತ್ತಲ್ವಾ, 1978ರ 74 ಕಾರುಗಳದ್ದು? ಅದರಲ್ಲಿ ಮೈಲೇಜ್ ಮತ್ತು ತೂಕ ಹಾಕಿ ಒಂದು ಸ್ಕ್ಯಾಟರ್, ಅಂದರೆ ಚುಕ್ಕಿಗಳ ಗ್ರಾಫ್ ಮಾಡಿ, ಉಳಿಸಿ, ಆ ಫೈಲಿನ ಮೇಲೆ ಈ ಕಮಾಂಡ್ ಓಡಿಸಿ ನೋಡಿ. ಯಾವಾಗ ಮಾಡಿದ್ದು, ಯಾವ ಸ್ಕೀಮ್ (ಬಣ್ಣ, ನೋಟದ ಶೈಲಿ), ಅಳತೆ ಎಷ್ಟು, ಯಾವ ಡೇಟಾ ಫೈಲಿನಿಂದ ಬಂತು, ಕೊನೆಗೆ ಯಾವ ಕಮಾಂಡ್ ಬರೆದು ಮಾಡಿದ್ದು, ಅದೂ ಇಡಿಯಾಗಿ ಸಿಗುತ್ತದೆ. ಹಳೇ ಫೋಲ್ಡರಿನಲ್ಲಿ 'ಫೈನಲ್', 'ಫೈನಲ್2', 'ಹೊಸ ಫೈನಲ್' ಅಂತ ಸಾಲಾಗಿ ಬಿದ್ದಿರುವಾಗ ಯಾವುದು ಯಾವುದು ಅಂತ ಗೊತ್ತಾಗುವುದು ಇದರಿಂದಲೇ.

ತೆರೆದ ಮೇಲೆ ತಿದ್ದುವುದಕ್ಕೆ ಗ್ರಾಫ್ ಎಡಿಟರ್ ಇದೆ. 2007ರಲ್ಲಿ 10ನೇ ಆವೃತ್ತಿಯ ಜೊತೆ ಬಂದದ್ದು. ಶೀರ್ಷಿಕೆ, ಚುಕ್ಕಿಯ ಬಣ್ಣ, ಅಕ್ಷದ ಹೆಸರು, ಎಲ್ಲ ಮೌಸ್‌ನಲ್ಲೇ ಆಗುತ್ತದೆ. ಅದರೊಳಗಿನ ರೆಕಾರ್ಡರ್ ಮಾತ್ರ ಜಾಸ್ತಿ ಜನ ಮುಟ್ಟುವುದೇ ಇಲ್ಲ, ಯಾಕೋ ಗೊತ್ತಿಲ್ಲ. ಒಂದು ಗ್ರಾಫಿನಲ್ಲಿ ಮಾಡಿದ ತಿದ್ದುಪಡಿಗಳನ್ನು ರೆಕಾರ್ಡ್ ಮಾಡಿಟ್ಟುಕೊಂಡರೆ ಉಳಿದ ಗ್ರಾಫುಗಳಿಗೆ 'ಗ್ರಾಫ್ ಪ್ಲೇ' ಅಂತ ಹೇಳಿ ಅದನ್ನೇ ಹಾಕಬಹುದು. ಒಂದೇ ಥರದ ಹತ್ತಾರು ಗ್ರಾಫ್ ಇರುವವರಿಗೆ ಇದು ವರ.

ಸ್ಕೀಮ್ ಬದಲಿಸಿಯೂ ತೆರೆಯಬಹುದು. 2023ರ 18ನೇ ಆವೃತ್ತಿಯಲ್ಲಿ 'ಎಸ್‌ಟಿಕಲರ್' ಅನ್ನುವ ಹೊಸ ಸ್ಕೀಮ್ ಡೀಫಾಲ್ಟ್ ಆಯಿತು. ಹಳೇ ನೀಲಿ ಅಂಚಿನ ಗ್ರಾಫ್ ನೋಡಿ ಬೇಜಾರಾದವರು ತೆರೆಯುವಾಗಲೇ ಇದನ್ನು ಕೊಟ್ಟು ನೋಡಬಹುದು. ಆದರೆ ಹೊಸ ಸ್ಕೀಮಿನಲ್ಲಿ ಮೊದಲಿಂದ ಬರೆಸಿದಷ್ಟು ಅಚ್ಚುಕಟ್ಟಾಗಿಯೇ ಬರುತ್ತದೆ ಅಂತ ನಂಬಬೇಡಿ.

ಈಗ ಮಿತಿಗಳು. ಅಂಕಿಗಳು ಒಳಗಿವೆ ಅಂದರೆ ನಿಮ್ಮ ಇಡೀ ಡೇಟಾ ಇದೆ ಅಂತಲ್ಲ. ಹಿಸ್ಟೋಗ್ರಾಮ್ ಆದರೆ ಪಟ್ಟಿಗಳ ಎತ್ತರ ಇರುತ್ತದೆ, ಮೂಲ ಅಂಕಿ ಇರುವುದಿಲ್ಲ. ಫಿಟ್ ಮಾಡಿದ ಗೆರೆ ಇದ್ದರೆ ಆಗ ಲೆಕ್ಕ ಹಾಕಿದ ಬಿಂದುಗಳಷ್ಟೇ. 'ಎರಡು ಕಾರು ಬಿಟ್ಟು ಮತ್ತೆ ಗೆರೆ ಎಳಿ' ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಅದಕ್ಕೆ ಕಮಾಂಡುಗಳನ್ನು ಬರೆದಿಟ್ಟ ಡು-ಫೈಲೇ ಬೇಕು. ಹಾಗಂತ ಸ್ಕ್ಯಾಟರ್ ಇದ್ದು ಮೂಲ ಡೇಟಾ ಎಲ್ಲೋ ಕಳೆದುಹೋಗಿದ್ದರೆ, ಗ್ರಾಫ್ ತೆರೆದು, ಅದರೊಳಗಿನ ಅಂಕಿಗಳನ್ನು ಹೊರತೆಗೆಯುವ 'ಸೆರ್‌ಸೆಟ್' ಕಮಾಂಡುಗಳಿಂದ ಆ ಚುಕ್ಕಿಗಳ ಅಂಕಿಗಳನ್ನು ವಾಪಸ್ ಡೇಟಾ ಮಾಡಿಕೊಳ್ಳಬಹುದು. ಇದೇ ಕಾರಣಕ್ಕೆ ಗುಟ್ಟಾಗಿಡಬೇಕಾದ ಡೇಟಾದ ಜಿಪಿಎಚ್ ಯಾರಿಗೂ ಮೇಲ್ ಮಾಡಬೇಡಿ, ಚಿತ್ರ ಕಳಿಸಿದ ಹಾಗೆ ಕಂಡರೂ ಒಳಗೆ ಅಂಕಿಗಳೂ ಹೋಗುತ್ತವೆ.

ಇನ್ನೊಂದು, ಹೊಸಬರು ಇಲ್ಲೇ ಎಡವುವುದು. ಹೆಸರು ಕೊಡದೆ ಗ್ರಾಫ್ ಮಾಡಿದರೆ ಅದರ ಹೆಸರು 'ಗ್ರಾಫ್', ಮುಂದಿನದು ಬಂದ ತಕ್ಷಣ ಹಿಂದಿನದು ಹೋಯಿತು. 'ನೇಮ್' ಆಪ್ಶನ್ನಿನಲ್ಲಿ ಹೆಸರು ಕೊಟ್ಟರೆ ಉಳಿಯುತ್ತದೆ, ಆದರೆ ಮೆಮೊರಿಯಲ್ಲಿ ಮಾತ್ರ. ಸ್ಟೇಟಾ ಮುಚ್ಚಿದರೆ ಅದೂ ಇಲ್ಲ. ಡಿಸ್ಕಿಗೆ ಸೇವ್ ಮಾಡಲೇಬೇಕು, ಅದೇ ಹೆಸರಿನ ಫೈಲು ಇದ್ದರೆ 'ರಿಪ್ಲೇಸ್' ಹಾಕಬೇಕು, ಇಲ್ಲಾಂದ್ರೆ 602 ಅಂತ ಎರರ್ ಕೊಟ್ಟು ನಿಲ್ಲುತ್ತದೆ.

ಆರ್ (R) ಅನ್ನುವ ಇನ್ನೊಂದು ಅಂಕಿಅಂಶ ಸಾಫ್ಟ್‌ವೇರ್ ಬಳಸುವ ಗೆಳೆಯರು 'ನಮ್ಮಲ್ಲೂ ಆಗುತ್ತೆ' ಅನ್ನುತ್ತಾರೆ. ಹೌದು, ಅಲ್ಲಿನ ಗ್ರಾಫ್ ಪ್ಯಾಕೇಜ್ ಆದ ಜಿಜಿಪ್ಲಾಟ್‌ನ ಆಬ್ಜೆಕ್ಟನ್ನು ಆರ್‌ಡಿಎಸ್ ಫೈಲಾಗಿ ಉಳಿಸಿದರೆ ಡೇಟಾ ಸಮೇತ ಬರುತ್ತದೆ. ಆದರೆ ಅದು ಪ್ಯಾಕೇಜಿನ ಆವೃತ್ತಿಗೆ ಅಂಟಿಕೊಂಡದ್ದು. 2025ರ 4.0ದಲ್ಲಿ ಒಳಗಿನ ರಚನೆಯೇ ಬದಲಾಯಿತು, ಹಳೇ ಆಬ್ಜೆಕ್ಟುಗಳು ಹಾಗೇ ತೆರೆಯುತ್ತವೆ ಅಂತ ಭರವಸೆ ಇಟ್ಟುಕೊಳ್ಳುವ ಹಾಗಿಲ್ಲ. ಈ ವಿಷಯದಲ್ಲಿ ನನ್ನ ಮತ ಸ್ಟೇಟಾಗೇ.

ಸ್ಟೇಟಾ ಇಲ್ಲದವರಿಗೆ ಮಾತ್ರ ಜಿಪಿಎಚ್‌ನಿಂದ ಏನೂ ಉಪಯೋಗವಿಲ್ಲ. ಅವರಿಗೆ ಪಿಡಿಎಫ್ ಇಲ್ಲವೇ ಎಸ್‌ವಿಜಿ ಮಾಡಿ ಕಳಿಸಿ, ಜಿಪಿಎಚ್ ನಿಮ್ಮ ಡು-ಫೈಲಿನ ಪಕ್ಕದಲ್ಲೇ ಇರಲಿ.